ಟಾಮ್ ವಿಲ್ಸ್‌ಗೆ ಪ್ರತಿಮೆ ಏಕೆ?

ಶಿವಮೊಗ್ಗದ ನಿವೃತ್ತ ಶಿಕ್ಷಕರೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವರು ಅಲ್ಲಿನ ಪ್ರಸಿದ್ಧ ಕ್ರಿಕೆಟ್ ಮೈದಾನದ ಹೊರಗೆ ಟಾಮ್ ವಿಲ್ಸ್ ಎಂಬಾತನ ಪ್ರತಿಮೆ ನೋಡಿದರಂತೆ. ಚೆಂಡನ್ನು ಒದೆಯುವುದರ ಜೊತೆಗೆ ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯನ್ ಫುಟ್‌ಬಾಲನ್ನು ಕಟ್ಟಿದವನು ಈತನೇ ಎಂದು ಮಗಳು ಹೇಳಿದಳು. ಮನೆಗೆ ಬಂದು ಓದಿದರೆ, ಆತ ಕುಡಿತಕ್ಕೆ ಬಿದ್ದು ಆತ್ಮಹತ್ಯೆ ಮಾಡಿಕೊಂಡವನೆಂದೂ, ಆ ಆಟದ ಪಿತಾಮಹನೆನಿಸಿಕೊಂಡವರು ಹ್ಯಾರಿಸನ್ ಎಂಬ ಬೇರೊಬ್ಬರೆಂದೂ, ಆಟ ಮೂಲನಿವಾಸಿಗಳದ್ದೆಂದೂ ತಿಳಿಯಿತು. "ಇಂಥವನಿಗೆ ಪ್ರತಿಮೆ ಏಕೆ? ಶಾಲೆಯಲ್ಲಿ ಅದೇ ಆಟ ಆಡುವ ನನ್ನ ಮೊಮ್ಮಗ ಕೇಳಿದರೆ ಏನು ಹೇಳಲಿ?" ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಆ ಪ್ರತಿಮೆ ಅಲ್ಲಿರುವುದು ನ್ಯಾಯವೇ. ಅಷ್ಟೇ ಅಲ್ಲ, ಅದು ಬಹಳ ತಡವಾಗಿ ಬಂತು ಎಂಬ ಬೇಸರವೂ ನನಗಿದೆ. ವಿಲ್ಸ್ ತೀರಿಕೊಂಡದ್ದು 1880ರಲ್ಲಿ, ಪ್ರತಿಮೆ ನಿಂತದ್ದು 2001ರಲ್ಲಿ. ನೀವು ಓದಿದ ಸಂಗತಿಗಳಲ್ಲಿ ಹೆಚ್ಚಿನವು ನಿಜ, ಆದರೆ ಅವು ಬಿಡಿಬಿಡಿಯಾಗಿ ನಿಮ್ಮ ಕೈಗೆ ಸಿಕ್ಕಿವೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದಾಗ ಮಾತ್ರ ಆ ಮನುಷ್ಯ ಕಾಣುತ್ತಾನೆ.

ವಿಲ್ಸ್ ಹುಟ್ಟಿದ್ದು 1835ರಲ್ಲಿ, ನ್ಯೂ ಸೌತ್ ವೇಲ್ಸ್‌ನಲ್ಲಿ. ತಂದೆ ಹೊರೇಷಿಯೊ ಕುರಿ ಸಾಕಣೆಗಾಗಿ ಇಂದಿನ ವಿಕ್ಟೋರಿಯಾದ ಪಶ್ಚಿಮ ಸೀಮೆಗೆ ಬಂದು ನೆಲೆಸಿದರು. ಅದು ಜಾಬ್ ವುರಂಗ್ ಜನರ ನೆಲ. ಬಿಳಿಯರ ಮಕ್ಕಳು ವಿರಳವಾಗಿದ್ದ ಆ ಬಯಲಿನಲ್ಲಿ ಹುಡುಗ ಅವರ ಮಕ್ಕಳ ಜೊತೆಯಲ್ಲೇ ಬೆಳೆದ, ಅವರ ಭಾಷೆ ಕಲಿತ, ಅವರ ಹಾಡು ಕುಣಿತಗಳನ್ನೂ ಕಲಿತ. ಹದಿನಾಲ್ಕರ ಹರೆಯದಲ್ಲಿ ತಂದೆ ಅವನನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ, ರಗ್ಬಿ ಆಟಕ್ಕೆ ಹೆಸರು ಕೊಟ್ಟ ಶಾಲೆಗೆ, ಕಳುಹಿಸಿದರು. ಓದು ಹತ್ತಲಿಲ್ಲ, ಆಟ ಹತ್ತಿತು. ಶಾಲೆಯ ಕ್ರಿಕೆಟ್ ತಂಡದ ನಾಯಕನಾದ. 1856ರ ಕೊನೆಗೆ ಮೆಲ್ಬರ್ನ್‌ಗೆ ಮರಳುವ ಹೊತ್ತಿಗೆ ಆ ವಸಾಹತಿನಲ್ಲಿ ಆತನಿಗೆ ಸಮನಾದ ಕ್ರಿಕೆಟಿಗ ಇರಲಿಲ್ಲ.

ಈಗ ನಿಮ್ಮ ಗಮನವನ್ನು ಒಂದು ಪತ್ರದ ಕಡೆ ಸೆಳೆಯುತ್ತೇನೆ. 1858ರ ಜುಲೈ 10ರಂದು 'ಬೆಲ್ಸ್ ಲೈಫ್ ಇನ್ ವಿಕ್ಟೋರಿಯಾ' ಎಂಬ ವಾರಪತ್ರಿಕೆಯಲ್ಲಿ ವಿಲ್ಸ್ ಬರೆದದ್ದು ಅಚ್ಚಾಯಿತು. ಕ್ರಿಕೆಟ್ ಕಾಲ ಮುಗಿದಿದೆ, ಚಳಿಗಾಲದಲ್ಲಿ ಆಟಗಾರರು ಜಡವಾಗಿ ಕೂರುವ ಬದಲು ಒಂದು ಫುಟ್‌ಬಾಲ್ ಕ್ಲಬ್ ಕಟ್ಟಬಾರದೇಕೆ, ಮೂರು ಅಥವಾ ಹೆಚ್ಚು ಮಂದಿಯ ಸಮಿತಿ ಮಾಡಿ ನಿಯಮಗಳನ್ನು ಬರೆಯಬಾರದೇಕೆ ಎಂದು ಆತ ಕೇಳುತ್ತಾನೆ. ಆಟಗಾರರ ತುಳಿತಕ್ಕೆ ಕ್ರಿಕೆಟ್ ಮೈದಾನದ ಹುಲ್ಲು ಗಟ್ಟಿಯಾಗುತ್ತದೆ, ದಪ್ಪಗಾಗುತ್ತಿರುವವರ ಮೈಯೂ ಕರಗುತ್ತದೆ ಎಂದು ಲಾಭಗಳನ್ನು ಎಣಿಸುತ್ತಾನೆ. ಫುಟ್‌ಬಾಲ್ ಆಗದಿದ್ದರೆ ರೈಫಲ್ ಕ್ಲಬ್ಬನ್ನಾದರೂ ಕಟ್ಟಿ ಎನ್ನುತ್ತಾನೆ. ಇಪ್ಪತ್ತೆರಡರ ತರುಣನ ಅವಸರ ಆ ಪತ್ರದ ತುಂಬ ಇದೆ. ಓದುಗರ ಪತ್ರಗಳನ್ನು ದಿನವೂ ಬಿಡಿಸುವ ನನಗೆ, ಅಂಥದ್ದೊಂದು ಪತ್ರದಿಂದ ಒಂದು ನಾಡಿನ ಆಟವೇ ಚಿಗುರಿತು ಎಂಬುದು ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅದೇ ಆಗಸ್ಟ್ 7ರಂದು ಮೈದಾನದ ಪಕ್ಕದ ಬಯಲಿನಲ್ಲಿ ಸ್ಕಾಚ್ ಕಾಲೇಜು ಮತ್ತು ಮೆಲ್ಬರ್ನ್ ಗ್ರಾಮರ್ ಶಾಲೆಗಳ ನಡುವೆ ಪಂದ್ಯ ನಡೆಯಿತು. ಒಂದೊಂದು ಕಡೆ ನಲವತ್ತು ಜನ, ಅಂಗಳದ ನಡುವೆಯೇ ಮರಗಳು. ಒಂದೇ ದಿನಕ್ಕೆ ಮುಗಿಯದೆ ಮೂರು ಶನಿವಾರ ಹಿಡಿದ ಆ ಪಂದ್ಯದಲ್ಲಿ ಎರಡೂ ಕಡೆಯವರು ಒಂದೊಂದು ಗೋಲು ಹೊಡೆದು ಸಮನಾದರು. ಅಂಪೈರ್‌ಗಳಾಗಿದ್ದವರು ವಿಲ್ಸ್ ಮತ್ತು ಜಾನ್ ಮೆಕ್ಯಾಡಮ್. ನೀವು ನೋಡಿದ ಪ್ರತಿಮೆಯಲ್ಲಿ ಇಬ್ಬರು ಹುಡುಗರು ಚೆಂಡಿಗಾಗಿ ಸೆಣಸುತ್ತಿರುವುದು ಆ ದಿನದ ನೆನಪಿಗೆ.

ಮರುವರ್ಷ ಮೇ 17ರಂದು ಪರೇಡ್ ಹೋಟೆಲಿನಲ್ಲಿ ಕುಳಿತು ನಿಯಮಗಳನ್ನು ಬರೆದರು. ವಿಲ್ಸ್ ಜೊತೆಗಿದ್ದವರಲ್ಲಿ ಪತ್ರಕರ್ತರಾದ ವಿಲಿಯಂ ಹ್ಯಾಮರ್ಸ್ಲಿ ಮತ್ತು ಜೇಮ್ಸ್ ಥಾಮ್ಸನ್, ಸ್ಕಾಚ್ ಕಾಲೇಜಿನ ಶಿಕ್ಷಕ ಥಾಮಸ್ ಸ್ಮಿತ್ ಮುಖ್ಯರು. ಬರೆದದ್ದು ಹತ್ತೇ ಹತ್ತು ನಿಯಮ. ಎದುರಾಳಿಯ ಮೊಣಕಾಲ ಕೆಳಗೆ ಒದೆಯುವ ರಗ್ಬಿ ಶಾಲೆಯ ಪದ್ಧತಿಯನ್ನು ಕೈಬಿಟ್ಟರು. ಕಾಲಿನಿಂದ ಬಂದ ಚೆಂಡನ್ನು ಹಿಡಿದವನಿಗೆ ತಡೆಯಿಲ್ಲದ ಒಂದು ಒದೆತ. ಚೆಂಡಿಗಿಂತ ಮುಂದೆ ನಿಂತು ಆಡುವುದನ್ನು ತಡೆಯುವ ಆಫ್‌ಸೈಡಿನ ಮಾತೇ ಇಲ್ಲ. ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ, ಅಂದರೆ ಇವರ ನಿಯಮಗಳು ಅದಕ್ಕಿಂತ ನಾಲ್ಕು ವರ್ಷ ಹಿರಿಯವು. ವಿಲ್ಸ್ ರಗ್ಬಿಯಲ್ಲೇ ಬೆಳೆದವನಾದರೂ ಆ ಆಟವನ್ನು ಇಡಿಯಾಗಿ ತಂದು ಹೇರಲಿಲ್ಲ. ಸಂಜೆ ಆಡಿ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ದುಡಿಯುವ ಗಂಡಸರಿಗೆ ತಕ್ಕ ಆಟ ಅವರಿಗೆ ಬೇಕಿತ್ತು, ಅದನ್ನು ಕೂಡಿ ಮಾಡಿಕೊಂಡರು. ಹಾಗಾಗಿ ಇದು ಒಬ್ಬನ ಸೃಷ್ಟಿ ಎಂದು ನಾನು ಹೇಳಲಾರೆ. ಜನರನ್ನು ಎಬ್ಬಿಸಿ ಸೇರಿಸಿದ ಶ್ರೇಯಸ್ಸು ಮಾತ್ರ ವಿಲ್ಸ್‌ನದೇ. ಕಾಗದಪತ್ರ ಜೋಡಿಸಿಡುವ ಕೆಲಸದಲ್ಲಿ ಆತ ಏನೂ ಸಾಲದವನು. ಮೆಲ್ಬರ್ನ್ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಗಿರಿಯಲ್ಲಿ ಅದು ಬಯಲಾಗಿತ್ತು.

ಹ್ಯಾರಿಸನ್ ವಿಚಾರ. ಎಚ್.ಸಿ.ಎ. ಹ್ಯಾರಿಸನ್ ವಿಲ್ಸ್‌ನ ಸೋದರಸಂಬಂಧಿ, ಅವನ ತಂಗಿ ಎಮಿಲಿಯ ಗಂಡ. 1866ರಲ್ಲಿ ನಿಯಮಗಳ ಪರಿಷ್ಕರಣೆಗೆ ಮುಂದಾಳಾದವರು ಅವರೇ. ಚೆಂಡು ಹಿಡಿದು ಓಡುವವನು ಐದಾರು ಗಜಕ್ಕೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕೆಂಬ ನಿಯಮ ಆಗ ಬಂತು. 1929ರವರೆಗೆ, ತೊಂಬತ್ತೆರಡು ವರ್ಷ ಬದುಕಿದ ಹ್ಯಾರಿಸನ್‌ರಿಗೆ ಜನ ಪಿತಾಮಹ ಪಟ್ಟ ಕಟ್ಟಿದರು. ಅದಕ್ಕೆ ಅವರನ್ನು ದೂರುವಂತಿಲ್ಲ. ಆಟ ಶುರುಮಾಡಲು ಸೂಚಿಸಿದವನು ವಿಲ್ಸ್ ಎಂದು ತಮ್ಮ ನೆನಪುಗಳಲ್ಲಿ ಅವರು ಮರೆಯದೆ ಬರೆದಿದ್ದಾರೆ.

ಮೂಲನಿವಾಸಿಗಳ ಆಟದ ಪ್ರಶ್ನೆ ಸೂಕ್ಷ್ಮವಾದದ್ದು. ಪಾಸಮ್ ಎಂಬ ಪ್ರಾಣಿಯ ಚರ್ಮದ ಚೆಂಡನ್ನು ಒದ್ದು, ಎತ್ತರಕ್ಕೆ ನೆಗೆದು ಹಿಡಿಯುವ ಮಾರ್ನ್‌ಗ್ರೂಕ್ ಎಂಬ ಆಟ ಆ ಪಶ್ಚಿಮ ಸೀಮೆಯಲ್ಲಿತ್ತು. ವಿಲ್ಸ್ ಬಾಲ್ಯ ಕಳೆದದ್ದೂ ಅಲ್ಲೇ. ಆದರೆ ಅದರಿಂದ ನಿಯಮಗಳನ್ನು ತೆಗೆದುಕೊಂಡ ದಾಖಲೆ ವಿಲ್ಸ್‌ನ ಬರಹದಲ್ಲಿ ಎಲ್ಲೂ ಇಲ್ಲ. ಮೂಲನಿವಾಸಿಗಳ ಜೊತೆ ಆತನ ನಂಟು ಎಷ್ಟು ಆಳದ್ದು, ಎಷ್ಟು ನೋವಿನದು ಎಂದು ತಿಳಿಯಲು ಬೇರೆ ಕಡೆ ನೋಡಬೇಕು.

1861ರಲ್ಲಿ ತಂದೆ ಕುಟುಂಬದ ಆಳುಕಾಳುಗಳೊಂದಿಗೆ ಕ್ವೀನ್ಸ್‌ಲ್ಯಾಂಡಿನ ಕಲಿನ್-ಲಾ-ರಿಂಗೊ ಎಂಬಲ್ಲಿ ಹೊಸ ಜಮೀನು ಹಿಡಿಯಲು ಹೊರಟರು, ಟಾಮ್ ಜೊತೆಗೆ ಹೋದ. ನೆರೆಯ ಬಿಳಿಯರು ಮೊದಲೇ ಅಲ್ಲಿನ ಗಾಯಿರಿ ಜನರ ಮೇಲೆ ಗುಂಡು ಹಾರಿಸಿದ್ದರು. ಅಕ್ಟೋಬರ್ 17ರಂದು ಗಾಯಿರಿಗಳು ಬಿಡಾರದ ಮೇಲೆ ಬಿದ್ದು ಹೊರೇಷಿಯೊ ಸೇರಿ 19 ಮಂದಿಯನ್ನು ಕೊಂದರು. ಸಾಮಾನು ತರಲು ಹೋಗಿದ್ದ ಟಾಮ್ ಉಳಿದುಕೊಂಡ. ಅನಂತರ ಬಿಳಿಯರು ತೀರಿಸಿಕೊಂಡ ಸೇಡಿನಲ್ಲಿ ಸತ್ತವರ ಸಂಖ್ಯೆ ಅದರ ಎಷ್ಟೋ ಪಟ್ಟು. ಆ ದಿನಗಳ ಪತ್ರಗಳಲ್ಲಿ ಟಾಮ್ ಕೂಡ ಸೇಡಿಗಾಗಿ ಹಾತೊರೆದಿದ್ದ. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳಲು ನನಗೆ ಮನಸ್ಸಿಲ್ಲ.

ಐದು ವರ್ಷ ಕಳೆಯಿತು. ಅದೇ ಮನುಷ್ಯ ಪಶ್ಚಿಮ ವಿಕ್ಟೋರಿಯಾಕ್ಕೆ ಹೋಗಿ, ಕುರಿ ದೊಡ್ಡಿಗಳಲ್ಲಿ ದುಡಿಯುತ್ತಿದ್ದ ಮೂಲನಿವಾಸಿ ಕ್ರಿಕೆಟಿಗರಿಗೆ ತರಬೇತಿ ಕೊಟ್ಟ. 1866ರ ಕ್ರಿಸ್‌ಮಸ್ ಮರುದಿನ ಅವರನ್ನು ಮೆಲ್ಬರ್ನ್ ಮೈದಾನಕ್ಕೆ ಕರೆತಂದು ತಾನೇ ನಾಯಕನಾಗಿ ಆಡಿದ. ಸುಮಾರು 10,000 ಜನ ಸೇರಿದ್ದರು. ಪಂದ್ಯ ಸೋತರೂ ಜಾನಿ ಮುಲ್ಲಾ ಎಂಬ ಆಟಗಾರನನ್ನು ಊರು ಕಂಡಿತು. ತಂದೆಯನ್ನು ಆ ರೀತಿ ಕಳೆದುಕೊಂಡವನು ಹೀಗೆ ಮಾಡಲು ಏನು ಕಾರಣವೆಂದು ಆತ ಎಲ್ಲೂ ಬರೆದಿಲ್ಲ. ಬಾಲ್ಯದ ಬಳಕೆ ಇರಬಹುದು, ಕೈಗೆ ಬರುವ ಸಂಬಳವೂ ಇರಬಹುದು. ನನ್ನ ಮಟ್ಟಿಗೆ ಆತನ ಬದುಕಿನ ದೊಡ್ಡ ಕೆಲಸ ಇದೇ, ಫುಟ್‌ಬಾಲಿಗಿಂತಲೂ ದೊಡ್ಡದು. ತಂಡದ ಮುಂದಿನ ಪ್ರವಾಸ ಹಣದ ಮೋಸದಿಂದ ಕುಸಿಯಿತು. ಕೆಲವು ಆಟಗಾರರು ಕಾಯಿಲೆ ಬಿದ್ದು ತೀರಿಕೊಂಡರು. 1868ರಲ್ಲಿ ಆ ತಂಡದ ಹಲವರು ಇಂಗ್ಲೆಂಡಿಗೆ ಹೋಗಿ 47 ಪಂದ್ಯ ಆಡಿದಾಗ ನಾಯಕನಾಗಿದ್ದವನು ಚಾರ್ಲ್ಸ್ ಲಾರೆನ್ಸ್. ವಿಲ್ಸ್‌ನನ್ನು ಕರೆದೊಯ್ಯಲಿಲ್ಲ.

ಅಲ್ಲಿಂದಾಚೆ ಇಳಿಜಾರು. ಬೌಲಿಂಗ್‌ನಲ್ಲಿ ಚೆಂಡು ಎಸೆಯುತ್ತಾನೆಂದು ನೋಬಾಲ್ ಕೊಟ್ಟರು, ಸಾಲ ಏರಿತು, ಕುಡಿತ ಬಿಡಲಿಲ್ಲ. ಕಲಿನ್-ಲಾ-ರಿಂಗೊದ ಆಘಾತಕ್ಕೆ ಆ ಕಾಲದಲ್ಲಿ ಮದ್ದೂ ಇರಲಿಲ್ಲ, ಹೆಸರೂ ಇರಲಿಲ್ಲ. ಕುಡಿತ ನಿಂತಾಗ ಬರುವ ಭ್ರಮೆಗಳಿಂದ ನರಳುತ್ತಿದ್ದವನನ್ನು ಆಸ್ಪತ್ರೆಗೆ ಸೇರಿಸಿದರೆ ಅಲ್ಲಿಂದ ಹೊರಬಂದು, 1880ರ ಮೇ 2ರಂದು ಹೈಡೆಲ್‌ಬರ್ಗ್‌ನ ಮನೆಯಲ್ಲಿ ಪ್ರಾಣ ಕಳೆದುಕೊಂಡ. ವಯಸ್ಸು 44. ನೂರು ವರ್ಷ ಆ ಸಮಾಧಿಗೆ ಕಲ್ಲೂ ಇರಲಿಲ್ಲ, 1980ರಲ್ಲಿ ಮೆಲ್ಬರ್ನ್ ಕ್ರಿಕೆಟ್ ಕ್ಲಬ್ ಹಾಕಿಸಿತು. ಸಾವಿನ ರೀತಿಗೆ ನಾಚಿಕೊಂಡು ಒಬ್ಬನ ಬದುಕನ್ನೇ ಮುಚ್ಚಿಟ್ಟದ್ದು ತಪ್ಪು. ಕುಡಿತವೂ ಮನಸ್ಸಿನ ಬೇನೆಯೂ ಕಾಯಿಲೆಗಳು. ಕಾಯಿಲೆಯಿಂದ ಸತ್ತವನ ಕೆಲಸವನ್ನು ನಾವು ಕಳೆದುಹಾಕುವುದಿಲ್ಲ.

ನಿಮ್ಮ ಮೊಮ್ಮಗನಿಗೆ ಮೊದಲು 1858ರ ಪತ್ರದ ಕಥೆ ಹೇಳಿ, ಆಮೇಲೆ 1866ರದ್ದು. ದೊಡ್ಡವನಾದ ಮೇಲೆ ಉಳಿದದ್ದನ್ನೂ ಹೇಳಿ, ಏನನ್ನೂ ಬಿಡಬೇಡಿ. ಕ್ರಿಕೆಟ್ ನೋಡುವ ಹುಡುಗನಾದರೆ ಇನ್ನೊಂದು ಸಂಗತಿಯೂ ಇದೆ: 2020ರಿಂದ ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟ್‌ನ ಉತ್ತಮ ಆಟಗಾರನಿಗೆ ಜಾನಿ ಮುಲ್ಲಾ ಹೆಸರಿನ ಪದಕ ಕೊಡುತ್ತಾರೆ, ಅದನ್ನು ಮೊದಲು ಪಡೆದವರು ನಮ್ಮ ಅಜಿಂಕ್ಯ ರಹಾನೆ.

— ಸಂಪಾದಕ