ಫಾಲ್ಸ್ ಸೀಲಿಂಗಿನ ಮೇಲೂ ಸ್ಪ್ರಿಂಕ್ಲರ್ ಬೇಕೆ?

ಪ್ರಶ್ನೆ: ನಮ್ಮ ಕಚೇರಿಯ ಹಳೆಯ ಫಾಲ್ಸ್ ಸೀಲಿಂಗ್ ಕಿತ್ತು ಮರದ ಚೌಕಟ್ಟಿಗೆ ಪ್ಲೈವುಡ್ ಹೊಡೆಸುತ್ತಿದ್ದೇವೆ. ಕೆಳಗೆ ಬೆಂಕಿ ಬಿದ್ದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರುವುದರಿಂದ ಮೇಲ್ಗಡೆ ಬೇಡ ಎನ್ನುತ್ತಾರೆ ಕಂಟ್ರಾಕ್ಟರ್. ಒಪ್ಪಬಹುದೆ? ಕೆಲಸ ಮುಗಿಯುವ ತನಕ ಹಳೆಯ ಸ್ಪ್ರಿಂಕ್ಲರ್‌ಗಳು ಇದ್ದ ಹಾಗೇ ಇದ್ದರೆ ಸಾಕೆ?

ಉತ್ತರ: ಒಪ್ಪಬೇಡಿ. ಸೀಲಿಂಗಿನ ಮೇಲೆ ಉರಿಯುವಂಥದ್ದು ಏನಿದೆ ಎಂಬುದರ ಮೇಲೆ ಇದು ನಿರ್ಧಾರವಾಗುತ್ತದೆ. ಲೋಹದ ಚೌಕಟ್ಟು, ಜಿಪ್ಸಂ ಬೋರ್ಡ್, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ನಡುವೆ ಸಾಮಾನು ತುಂಬದ ಖಾಲಿ ಜಾಗ ಎಂದಾದರೆ ಸ್ಪ್ರಿಂಕ್ಲರ್ ಅಳವಡಿಕೆಗೆ ಅಮೆರಿಕದ ಮಾನದಂಡವಾದ ಎನ್‌ಎಫ್‌ಪಿಎ 13 ಸಾಮಾನ್ಯವಾಗಿ ಅಲ್ಲಿ ಸ್ಪ್ರಿಂಕ್ಲರ್ ಕೇಳುವುದಿಲ್ಲ. ಮರ, ಪ್ಲೈವುಡ್ ಬಂದ ಕೂಡಲೇ, ಕೆಲವು ವಿನಾಯಿತಿ ಬಿಟ್ಟರೆ, ಕೇಳುತ್ತದೆ. ಯುರೋಪಿನ ಮಾನದಂಡವಾದ ಇಎನ್ 12845 ಎತ್ತರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ: ಆ ಜಾಗ 0.8 ಮೀಟರ್ ಮೀರಿದರೆ ಸ್ಪ್ರಿಂಕ್ಲರ್ ಬೇಕೇ ಬೇಕು. ಕಾರಣ ಸರಳ. ಮೇಲೆ ವೈರಿಂಗ್‌ನಿಂದ ಬೆಂಕಿ ಹತ್ತಿದರೆ ಬಿಸಿ ಗಾಳಿ ಸ್ಲ್ಯಾಬಿನಡಿಯೇ ಹರಡುತ್ತದೆ. ಕೆಳಗಿನ ಸ್ಪ್ರಿಂಕ್ಲರಿನ ಬಲ್ಬಿಗೆ (ಶಾಖಕ್ಕೆ ಒಡೆದು ನೀರು ಬಿಡುವ ಪುಟ್ಟ ಗಾಜಿನ ಕೊಳವೆಗೆ) ಆ ಶಾಖ ತಟ್ಟುವ ಹೊತ್ತಿಗೆ ಸೀಲಿಂಗೇ ಉರಿದು ಬೀಳುತ್ತಿರುತ್ತದೆ. ನನ್ನ ಸಲಹೆ ಕೇಳಿದರೆ, ಪ್ಲೈವುಡ್ ಬಿಟ್ಟು ಜಿಪ್ಸಂ ಹಾಕಿಸಿ.

ಎರಡನೆಯ ಪ್ರಶ್ನೆ ಕೇಳಿದ್ದು ತುಂಬ ಒಳ್ಳೆಯದಾಯಿತು, ಹೆಚ್ಚಿನವರು ಎಡವುವುದು ಇಲ್ಲೇ. ಸೀಲಿಂಗ್ ಕಿತ್ತ ಮೇಲೆ ಕೆಳಮುಖದ ಸ್ಪ್ರಿಂಕ್ಲರ್‌ಗಳು ಸ್ಲ್ಯಾಬಿನಿಂದ ಬಹಳ ಕೆಳಗೆ ಪೈಪಿನ ತುದಿಯಲ್ಲಿ ನೇತಾಡುತ್ತಿರುತ್ತವೆ. ಕೆಂಪು ಬಲ್ಬ್ ಒಡೆಯುವುದು 68 ಡಿಗ್ರಿ ಸೆಲ್ಸಿಯಸ್‌ಗೆ, ಆದರೆ ಆ ಶಾಖ ಮೊದಲು ಸಿಗುವುದು ಸ್ಲ್ಯಾಬಿನ ಹತ್ತಿರ. ಸಾಮಾನ್ಯ ಮಾದರಿಯ ಸ್ಪ್ರಿಂಕ್ಲರಿನಲ್ಲಿ ನೀರು ಚದುರಿಸುವ ತಟ್ಟೆ ಸಮತಟ್ಟಾದ ಸ್ಲ್ಯಾಬಿನಿಂದ 25ರಿಂದ 300 ಮಿಲಿಮೀಟರ್ ಒಳಗಿರಬೇಕು. ಹಾಗಾಗಿ ಪೈಪನ್ನು ಮೇಲಕ್ಕೆ ತಿರುಗಿಸಿ, ತಾತ್ಕಾಲಿಕವಾಗಿ ಮೇಲ್ಮುಖದ ಸ್ಪ್ರಿಂಕ್ಲರ್ ಕೂರಿಸಬೇಕು. ಇದ್ದುದನ್ನೇ ತಲೆಕೆಳಗು ಮಾಡಿದರೆ ಆಗದು, ಎರಡರ ತಟ್ಟೆಯ ಆಕಾರವೇ ಬೇರೆ.

ವೆಲ್ಡಿಂಗ್, ಗ್ರೈಂಡಿಂಗ್ ನಡೆಯುವ ದಿನಗಳಲ್ಲಿ ಸ್ಪ್ರಿಂಕ್ಲರಿಗೆ ನೀರು ಬಿಡುವ ವಾಲ್ವ್ ಮುಚ್ಚಿ ಮರೆಯುವುದು ಅಪಾಯ. ಎನ್‌ಎಫ್‌ಪಿಎ 25ರ (ಸ್ಪ್ರಿಂಕ್ಲರ್ ತಪಾಸಣೆ, ನಿರ್ವಹಣೆಯ ಮಾನದಂಡದ) ಪ್ರಕಾರ 24 ಗಂಟೆಯಲ್ಲಿ 10 ಗಂಟೆಗಿಂತ ಹೆಚ್ಚು ಹೊತ್ತು ನೀರು ಬಂದ್ ಆದರೆ ಬೆಂಕಿ ಕಾವಲು ಇಡುವಂಥ ಬದಲಿ ಏರ್ಪಾಡು ಬೇಕು. ಸಂಜೆ ಕೆಲಸ ಮುಗಿಸಿ ಹೊರಡುವಾಗ ವಾಲ್ವ್ ತೆರೆದಿದೆಯೇ ಎಂದು ನೀವೇ ನೋಡಿ. ಬಣ್ಣ ತಾಗಿದ ಸ್ಪ್ರಿಂಕ್ಲರ್ ಒರೆಸಿ ಬಳಸುವಂತಿಲ್ಲ, ಹೊಸದೇ ಹಾಕಬೇಕು. ಹೊಸ ಪೈಪಿನ ಒತ್ತಡ ಪರೀಕ್ಷೆ, ಅಗ್ನಿಶಾಮಕ ಅಧಿಕಾರಿಯ ತಪಾಸಣೆ ಎರಡೂ ಬೋರ್ಡ್ ಮುಚ್ಚುವ ಮೊದಲೇ ಆಗಲಿ.