ಕಲ್ಲಚ್ಚಿನ ಚಿತ್ರ ಕೊಳ್ಳುವ ಮುನ್ನ ಹಾಳೆಯ ಬೆನ್ನನ್ನೂ ನೋಡಿ

ಈ ಸಲ ಬಂದವುಗಳಲ್ಲಿ ನಾಲ್ಕು ಪತ್ರಗಳು ಲಿಥೊಗ್ರಾಫ್‌ಗಳ ಬಗ್ಗೆ, ಅಂದರೆ ಕಲ್ಲಚ್ಚಿನ ಚಿತ್ರಗಳ ಬಗ್ಗೆ ಇದ್ದವು. ನಾಲ್ಕೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದಲೇ ಬಂದವು. ಕಲ್ಲು ಉಜ್ಜುತ್ತ, ಮಸಿ ಹಚ್ಚುತ್ತ ವರ್ಷಗಳನ್ನು ಕಳೆದ ನನಗೆ ಇದು ನಿಜಕ್ಕೂ ಹಬ್ಬ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಫ್ರಾನ್ಸಿನ ಚಿತ್ರಕಾರ ಮಾರ್ಕ್ ಶಗಾಲ್ ಅವರ ಚಿತ್ರಗಳೆಂದರೆ ನನಗೆ ಕಾಲೇಜು ದಿನಗಳಿಂದಲೂ ಪ್ರಾಣ. ಆನ್‌ಲೈನ್‌ನಲ್ಲಿ ‘ಶಗಾಲ್ ಮೂಲ ಲಿಥೊಗ್ರಾಫ್, ಪೆನ್ಸಿಲ್ ಸಹಿ, ಪ್ರಮಾಣಪತ್ರ ಸಹಿತ’ ಎಂದು 24,000 ರೂಪಾಯಿಗೆ ಒಂದು ಚಿತ್ರ ಮಾರಾಟಕ್ಕಿದೆ. ನಮ್ಮ ಯಜಮಾನರು ಅದು ಬರೀ ಪೋಸ್ಟರ್ ಎನ್ನುತ್ತಾರೆ. ಕೊಳ್ಳಬಹುದೇ? — ಪ್ರೌಢಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಮೇಡಂ, ಸದ್ಯಕ್ಕೆ ಹಣ ಕಳಿಸಬೇಡಿ. ನಿಮ್ಮ ಯಜಮಾನರ ಅನುಮಾನಕ್ಕೆ ಆಧಾರವಿದೆ. ಹಾಗೆಂದು ಶಗಾಲ್ ಅವರ ಕಲ್ಲಚ್ಚು ನಮ್ಮಂಥವರ ಕೈಗೆ ಎಟುಕುವುದೇ ಇಲ್ಲ ಎಂದುಕೊಳ್ಳಬೇಡಿ.

ಮೊದಲು ‘ಮೂಲ’ ಎಂಬ ಮಾತಿನ ಅರ್ಥ ನೋಡೋಣ. 1796ರ ಸುಮಾರಿಗೆ ಜರ್ಮನಿಯ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬಾತ ಕಂಡುಹಿಡಿದ ವಿದ್ಯೆ ಇದು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬ, ಅಡುಗೆಮನೆಯಲ್ಲಿ ಎಲ್ಲರೂ ಕಂಡ ಸಂಗತಿಯೇ ಇದರ ಬುಡ. ನುಣುಪಾದ ಸುಣ್ಣದ ಕಲ್ಲಿನ ಮೇಲೆ ಕಲಾವಿದ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾನೆ. ಅದರ ಮೇಲೆ ಜಾಲಿಯ ಜಾತಿಯ ಮರದ ಗೋಂದಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದರೆ ಗೆರೆಯಿದ್ದಲ್ಲಿ ಮಸಿ ಹಿಡಿಯುತ್ತದೆ, ಬರಿದಾದ ಜಾಗ ನೀರು ಹಿಡಿದುಕೊಂಡು ಮಸಿಯನ್ನು ದೂರವಿಡುತ್ತದೆ. ಮೇಲೆ ಕಾಗದ ಹಾಸಿ ಪ್ರೆಸ್ಸಿನಲ್ಲಿ ಹಾಯಿಸಿದರೆ ಚಿತ್ರ ಎಡಬಲ ಅದಲುಬದಲಾಗಿ ಮೂಡುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು, ಬೇರೆ ಸರದಿ. (ನಮ್ಮ ಸೀಮೆಯ ಕಗ್ಗಲ್ಲು ಈ ಕೆಲಸಕ್ಕೆ ಒಗ್ಗುವುದಿಲ್ಲ, ಸುಣ್ಣದ ಕಲ್ಲೇ ಆಗಬೇಕು. ಸತು, ಅಲ್ಯೂಮಿನಿಯಂ ತಗಡುಗಳ ಮೇಲೂ ಮಾಡುತ್ತಾರೆ.) ಹೀಗೆ ಬಂದ ಹಾಳೆ ಎಲ್ಲೋ ಇರುವ ವರ್ಣಚಿತ್ರವೊಂದರ ನಕಲಲ್ಲ. ಐವತ್ತು ಹಾಳೆ ತೆಗೆದರೆ ಐವತ್ತೂ ಅಸಲು.

ಪಿಕಾಸೊ ಅವರ ಪಾರಿವಾಳದ ಕಥೆ ಈ ವ್ಯತ್ಯಾಸವನ್ನು ಚೆನ್ನಾಗಿ ತಿಳಿಸುತ್ತದೆ. 1949ರಲ್ಲಿ ಪ್ಯಾರಿಸ್‌ನ ಮುರ್ಲೊ ಮುದ್ರಣಾಲಯದಲ್ಲಿ ಅವರು ಮಾಡಿದ ಪಾರಿವಾಳದ ಲಿಥೊ ಐವತ್ತು ಚಿಲ್ಲರೆ ಹಾಳೆಗಳಲ್ಲಿ ಮಾತ್ರ ಅಚ್ಚಾಯಿತು. ಅದೇ ವರ್ಷ ಆ ಹಕ್ಕಿಯೇ ಶಾಂತಿ ಸಮ್ಮೇಳನದ ಪೋಸ್ಟರ್ ಆಗಿ ಊರ ಗೋಡೆಗಳನ್ನು ಏರಿತು. ಹಕ್ಕಿ ಒಂದೇ, ವಸ್ತು ಎರಡು. ನಮ್ಮ ದೇಶದ ಸುಂಕದ ಪಟ್ಟಿಯ 97ನೇ ಅಧ್ಯಾಯವೂ ಇದೇ ಗೆರೆ ಎಳೆಯುತ್ತದೆ: ಕಲಾವಿದ ಸ್ವತಃ ಕೈಯಿಂದ ರಚಿಸಿದ ಕಲ್ಲು ಅಥವಾ ತಗಡಿನಿಂದ ನೇರವಾಗಿ ತೆಗೆದದ್ದು ಮಾತ್ರ ಮೂಲ ಮುದ್ರಣ. ಯಾಂತ್ರಿಕವಾಗಿ, ಫೋಟೊ ಮೂಲಕ ಮಾಡಿದ್ದು ಅಲ್ಲ.

ಶಗಾಲ್ ವಿಷಯದಲ್ಲಿ ಈ ಎರಡರ ನಡುವೆ ಇನ್ನೊಂದು ಮೆಟ್ಟಿಲಿದೆ. ಮುರ್ಲೊದಲ್ಲಿದ್ದ ಶಾರ್ಲ್ ಸೊರ್ಲಿಯೆ ಎಂಬ ನುರಿತ ಮುದ್ರಕರು ಶಗಾಲ್ ಅವರ ಚಿತ್ರಗಳನ್ನು ನೋಡಿಕೊಂಡು ತಾವೇ ಕಲ್ಲಿಗೆ ಇಳಿಸಿದ ಲಿಥೊಗಳಿವೆ. ಅವುಗಳ ಮೇಲೆ ಸೊರ್ಲಿಯೆ ಅವರ ಹೆಸರು ಅಚ್ಚಾಗಿರುತ್ತದೆ. ಸುಂದರವಾದ ಕೆಲಸ, ಆದರೆ ಗೆರೆ ಶಗಾಲ್ ಅವರದಲ್ಲ. ಇದನ್ನು ಸೊರ್ಲಿಯೆ ಇಳಿಸಿದ್ದೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಶಗಾಲ್ ಅವರ ಮೂಲ ಲಿಥೊ ಎಂದು ಹೇಳಿ ಇದನ್ನು ಕೊಟ್ಟರೆ ಮೋಸ.

ಈಗ ಬೆಲೆಗೆ ಬರೋಣ. ಶಗಾಲ್ ತಾವೇ ಪೆನ್ಸಿಲಿನಲ್ಲಿ ಸಹಿ ಮಾಡಿದ ಲಿಥೊ ಲಕ್ಷಗಳ ಮಾತು. 24,000ಕ್ಕೆ ಅದು ಸಿಗುತ್ತದೆ ಎಂದರೆ ಸಹಿಯನ್ನೇ ಅನುಮಾನಿಸಬೇಕು. ಆದರೆ ಪ್ಯಾರಿಸ್‌ನ ಮಾಗ್ ಗ್ಯಾಲರಿ 1946ರಿಂದ 1982ರವರೆಗೆ ‘ದೆರಿಯೇರ್ ಲ ಮಿರ್ವಾರ್’ ಎಂಬ ಕಲಾಪತ್ರಿಕೆ ತರುತ್ತಿತ್ತು. ಅದರೊಳಗೆ ಶಗಾಲ್, ಮಿರೊ ಮುಂತಾದವರ ನಿಜವಾದ ಲಿಥೊಗಳೇ ಇರುತ್ತಿದ್ದವು. ಅವಕ್ಕೆ ಸಹಿಯೂ ಇಲ್ಲ, ಸಂಖ್ಯೆಯೂ ಇಲ್ಲ. ಎರಡು ಪುಟ ಹರಡಿದ ಚಿತ್ರವಾದರೆ ನಡುವೆ ಮಡಿಕೆ, ಎಷ್ಟೋ ಸಲ ಹಿಂಬದಿಯಲ್ಲಿ ಅಚ್ಚು ಇರುತ್ತದೆ. ಸಹಿ ಇಲ್ಲದ್ದರಿಂದಲೇ ಅವು ಅಗ್ಗ. ನಿಮಗೆ ಬೇಕಾದದ್ದು ಶಗಾಲ್ ಅವರ ಗೆರೆಯೇ ಹೊರತು ಸಹಿಯಲ್ಲವಾದರೆ ಹುಡುಕಬೇಕಾದದ್ದು ಅಲ್ಲಿ. ಇಂಥ ಹಾಳೆಯ ಮೇಲೆ ಯಾರೋ ಆಮೇಲೆ ಪೆನ್ಸಿಲ್ ಸಹಿ ಗೀಚಿ ಬೆಲೆ ಏರಿಸುವುದೂ ಉಂಟು, ಎಚ್ಚರ.

ಮಾರುವವರನ್ನು ಹೀಗೆ ಕೇಳಿ: ಹಾಳೆಯ ಪೂರ್ತಿ ಅಳತೆ ಎಷ್ಟು, ಚಿತ್ರದ ಅಳತೆ ಎಷ್ಟು, ಶಗಾಲ್ ಲಿಥೊಗಳ ಸಂಪೂರ್ಣ ಸೂಚಿಯಲ್ಲಿ ಇದರ ಸಂಖ್ಯೆ ಯಾವುದು, ಚೌಕಟ್ಟಿನಿಂದ ಹೊರತೆಗೆದ ಹಾಳೆಯ ಬೆನ್ನಿನ ಫೋಟೊ, ಓರೆಯಾಗಿ ಬೆಳಕು ಬಿಟ್ಟು ತೆಗೆದ ಫೋಟೊ. ಪ್ರಾಮಾಣಿಕ ವ್ಯಾಪಾರಿ ಇಷ್ಟಕ್ಕೆ ಬೇಸರಪಡುವುದಿಲ್ಲ. ಪ್ರಮಾಣಪತ್ರದ ಮಾತಿಗೆ ಮರುಳಾಗಬೇಡಿ, ಅದನ್ನು ಕೊಟ್ಟವರಿಗೆ ಎಷ್ಟು ಬೆಲೆಯೋ ಅದಕ್ಕೂ ಅಷ್ಟೇ ಬೆಲೆ. ಸಹಿಯೂ ಅಷ್ಟೇ. ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೆ ಸಾವಿರಗಟ್ಟಲೆ ಸಹಿ ಹಾಕಿಕೊಟ್ಟರು. ಸಹಿ ನಿಜವೇ, ಅದರ ಮೇಲಿನ ಚಿತ್ರದ ಗತಿ ದೇವರಿಗೇ ಗೊತ್ತು ಎಂಬಂಥ ಹಾಳೆಗಳು ಇವತ್ತಿಗೂ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ.

ಹಾಳೆ ಕೈಗೆ ಬಂದ ಮೇಲೆ ನೋಡುವ ಬಗೆ ಒಂದಿದೆ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ, ಹತ್ತು ಪಟ್ಟು ಹಿಗ್ಗಿಸುವ ಮಸೂರ ತನ್ನಿ. ಬಣ್ಣ ತೆಳುವಾಗಿರುವ ಕಡೆ, ಕೆನ್ನೆಯ ನೆರಳೋ ಆಕಾಶದ ಅಂಚೋ, ಅಲ್ಲಿ ನೋಡಿ. ಸಾಲುಸಾಲಾಗಿ ಚುಕ್ಕೆಗಳು ಪುಟ್ಟ ಹೂವಿನಂತೆ ಕೂತಿದ್ದರೆ ಅದು ಆಫ್‌ಸೆಟ್, ನಿಮ್ಮ ಮನೆಗೆ ಬರುವ ಲಗ್ನಪತ್ರಿಕೆಯ ಅಚ್ಚೇ ಅದು. ಸಿಂಪಡಿಸಿದ ಹಾಗೆ ಅತಿಸಣ್ಣ ಹನಿಗಳಿದ್ದರೆ ಇಂಕ್‌ಜೆಟ್. ಕಲ್ಲಚ್ಚಿನಲ್ಲಿ ಕಾಣುವುದೇ ಬೇರೆ: ಮರಳು ಹರಡಿದಂತೆ ಒಂದಕ್ಕೊಂದು ಹೋಲದ ಕಣಗಳು, ಬಳಪ ಕಲ್ಲಿನ ತರಿಯನ್ನು ತಾಗಿದಲ್ಲಿ ಕಪ್ಪು, ತಾಗದಲ್ಲಿ ಕಾಗದದ ಬಿಳುಪು. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ಬಳಿಕ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಆರ್ಶ್, ರೀವ್ಸ್‌ನಂಥ ಒಳ್ಳೆಯ ಕಾಗದದಲ್ಲಿ ತಯಾರಕರ ಹೆಸರು ನೀರ್ಗುರುತಾಗಿ ಹೊಳೆಯುತ್ತದೆ. ಇವು ಯಾವುವೂ ಒಂಟಿಯಾಗಿ ಸಾಕ್ಷಿಯಲ್ಲ, ಎಲ್ಲವೂ ಒಂದೇ ಮಾತು ಹೇಳಬೇಕು.

ಪ್ರಶ್ನೆ: ಅಜ್ಜಿಯ ದೇವರ ಮನೆಯಲ್ಲಿ ರವಿವರ್ಮನ ಲಕ್ಷ್ಮಿಯ ಪಟವಿದೆ. ಸೀರೆಗೆ ನಿಜವಾದ ಜರಿ, ಮಿಣುಕು ಅಂಟಿಸಿದ್ದಾರೆ. ಕೆಳಗೆ ‘ಕಾರ್ಲಾ–ಲೋಣಾವಳ’ ಎಂದು ಇಂಗ್ಲಿಷಿನಲ್ಲಿದೆ. ಹಾಳಾಗುತ್ತಿದೆ, ಲ್ಯಾಮಿನೇಷನ್ ಮಾಡಿಸಲೇ? ಇದಕ್ಕೆ ಬೆಲೆ ಇದೆಯೇ? — ರೇಷ್ಮೆ ವ್ಯಾಪಾರಿ, ಶಿಡ್ಲಘಟ್ಟ

ಉತ್ತರ: ದಯವಿಟ್ಟು ಲ್ಯಾಮಿನೇಷನ್ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು. ಅಲ್ಲಿಗೆ ಪಟದ ಕಥೆ ಮುಗಿಯಿತು.

ನಿಮ್ಮ ಮನೆಯಲ್ಲಿರುವುದು ಬಣ್ಣದ ಕಲ್ಲಚ್ಚು, ವ್ಯಾಪಾರದಲ್ಲಿ ಓಲಿಯೊಗ್ರಾಫ್ ಎನ್ನುತ್ತಾರೆ. ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರಿನಲ್ಲಿ ಮುದ್ರಣಾಲಯ ತೆರೆದರು, ಬಳಿಕ ಅದು ಲೋಣಾವಳದ ಹತ್ತಿರಕ್ಕೆ ಹೋಯಿತು. ಕಾರ್ಲಾ–ಲೋಣಾವಳ ಎಂಬ ಹೆಸರು ಬಂದದ್ದು ಹಾಗೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ರೆಸ್ ಜರ್ಮನಿಯ ಫ್ರಿಟ್ಜ್ ಶ್ಲೈಷರ್ ಕೈಸೇರಿತು. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಅವರ ದೇವರುಗಳು ದಶಕಗಟ್ಟಲೆ ಅಚ್ಚಾಗುತ್ತಲೇ ಇದ್ದವು. ಆದ್ದರಿಂದ ಕೆಳಗಿನ ಹೆಸರೊಂದನ್ನೇ ನೋಡಿ ವಯಸ್ಸು ಹೇಳಲಾಗದು. ಮೇಲೆ ಹೇಳಿದ ಮಸೂರದ ಪರೀಕ್ಷೆಯನ್ನು ಇಲ್ಲಿಯೂ ಮಾಡಿ, ಹೂವಿನಂಥ ಚುಕ್ಕೆಗಳು ಕಂಡರೆ ಈಚಿನ ಮರುಮುದ್ರಣ.

ಜರಿಯನ್ನು ಕೀಳಬೇಡಿ. ಹೆಣ್ಣುಮಕ್ಕಳು ಮನೆಯಲ್ಲೇ ಕೂತು ದೇವಿಗೆ ಸೀರೆ ಉಡಿಸಿದ ಇಂಥ ಪಟಗಳನ್ನು ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಅದು ಕೊಳೆಯಲ್ಲ, ನಿಮ್ಮ ಅಜ್ಜಿಯದೋ ಅವರ ಅತ್ತೆಯದೋ ಕೈಗೆಲಸ. ಅಂಚಿನ ಕುಂಕುಮದ ಕಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ಮಾರುವ ಮಾತು ಬಂದರೆ ಒಂದು ವಿಷಯ ತಿಳಿದಿರಲಿ: 1972ರ ಪುರಾತನ ವಸ್ತುಗಳು ಮತ್ತು ಕಲಾಸಂಪತ್ತಿನ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ರವಿವರ್ಮ ಅವರ ಕೃತಿಗಳೂ ಕಲಾಸಂಪತ್ತಿನ ಪಟ್ಟಿಯಲ್ಲಿವೆ. ವಿದೇಶದ ಗಿರಾಕಿ ಎಷ್ಟೇ ಆಸೆ ತೋರಿಸಿದರೂ ಒಪ್ಪಬೇಡಿ. ನನ್ನನ್ನು ಕೇಳಿದರೆ, ಅದು ಮನೆಯಲ್ಲೇ ಇರಲಿ. ದೀಪದ ಹೊಗೆ ತಾಗದ ಗೋಡೆಗೆ ಸರಿಸಿದರೆ ಸಾಕು.

ಪ್ರಶ್ನೆ: ನನ್ನ ಬಳಿ 15,000 ರೂಪಾಯಿ ಇದೆ. ಹೊಸ ಕಲಾವಿದರ ಲಿಥೊ ಕೊಳ್ಳುವ ಆಸೆ. ಎಲ್ಲಿಂದ ಶುರು ಮಾಡಲಿ? 3/50 ಎಂದು ಬರೆದದ್ದು 47/50ಕ್ಕಿಂತ ಮೇಲೆಯೇ? — ಎಂಜಿನಿಯರ್, ಕೋಲಾರ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಅಲ್ಲ. ತಾಮ್ರದ ತಗಡಿನ ಮೇಲೆ ನೇರವಾಗಿ ಕೆತ್ತಿದ ಕೆಲವು ಬಗೆಯ ಅಚ್ಚುಗಳಲ್ಲಿ ಗೆರೆ ಸವೆಯುತ್ತದೆ, ಅಲ್ಲಿ ಆರಂಭದ ಹಾಳೆಗೆ ಮಾನ ಹೆಚ್ಚು. ಕಲ್ಲಚ್ಚಿನಲ್ಲಿ ಐವತ್ತು ಹಾಳೆಗೆ ಕಲ್ಲು ಬಳಲುವುದಿಲ್ಲ. ಮೇಲಾಗಿ, ಅಚ್ಚಾದ ಅನುಕ್ರಮದಲ್ಲೇ ಸಂಖ್ಯೆ ಹಾಕುತ್ತಾರೆ ಎಂಬ ಖಾತರಿಯೂ ಇಲ್ಲ. ಸಂಖ್ಯೆಯ ಬದಲು ‘ಎ.ಪಿ.’ ಎಂದಿದ್ದರೆ ಕಲಾವಿದ ತನಗೆಂದು ಇಟ್ಟುಕೊಂಡ ಪ್ರತಿ. ನೋಡಬೇಕಾದದ್ದು ಕೆಳಗಿನ ಅಂಕಿ: ಒಟ್ಟು ಎಷ್ಟು ತೆಗೆದರು ಎಂಬುದು. ಅಷ್ಟಾದ ಮೇಲೆ ಕಲ್ಲನ್ನು ಉಜ್ಜಿ ಅಳಿಸುತ್ತಾರೆ.

ಕೊಳ್ಳುವ ಮೊದಲು ಕಣ್ಣು ಪಳಗಬೇಕು. ಬೆಂಗಳೂರಿಗೆ ಹೋದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅರ್ಧ ದಿನ ಕಳೆಯಿರಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಪ್ರದರ್ಶನಗಳನ್ನು ತಪ್ಪಿಸಬೇಡಿ. ಜನವರಿಯ ಚಿತ್ರಸಂತೆಯಲ್ಲಿ ಜನಜಂಗುಳಿ ಜಾಸ್ತಿ, ಬೆಳಗ್ಗೆ ಬೇಗ ಹೋಗಿ ಗ್ರಾಫಿಕ್, ಅಂದರೆ ಅಚ್ಚಿನ ಕಲೆಯ ವಿಭಾಗದ ಹುಡುಗ ಹುಡುಗಿಯರು ಎಲ್ಲಿ ಕೂತಿದ್ದಾರೆ ಎಂದು ವಿಚಾರಿಸಿ. ನಿಮಗೆ ಬಂಗಾರಪೇಟೆಯಿಂದ ಚೆನ್ನೈ ರೈಲೂ ಹತ್ತಿರವೇ. ಅಲ್ಲಿನ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರದಲ್ಲಿ ಮುದ್ರಣದ ಸ್ಟುಡಿಯೊ ಇದೆ. ಅಮೆರಿಕದ ಟ್ಯಾಮರಿಂಡ್ ಸಂಸ್ಥೆಯಲ್ಲಿ ಲಿಥೊ ಕಲಿತು ಬಂದ ಕಲಾವಿದ ಆರ್.ಎಂ. ಪಳನಿಯಪ್ಪನ್ ಅವರ ನೆಲೆ ಚೆನ್ನೈ. ಅವರ ಕೃತಿ ಎಲ್ಲಿ ಕಂಡರೂ ನಿಂತು ನೋಡಿ. ಗೆರೆ ಎಂಬುದು ಎಲ್ಲಿಯವರೆಗೆ ಹೋಗಬಲ್ಲದು ಎಂದು ತಿಳಿಯುತ್ತದೆ.

ನಿಮ್ಮ ಹಣಕ್ಕೆ ವಿದೇಶದ ದೊಡ್ಡ ಹೆಸರಿನ ಪೋಸ್ಟರೂ ಬರುತ್ತದೆ, ಇಲ್ಲಿನ ಹೊಸಬರ ಒಂದು ಒಳ್ಳೆಯ ಲಿಥೊವೂ ಬರುತ್ತದೆ. ನಾನಾದರೆ ಎರಡನೆಯದಕ್ಕೇ ಕೊಡುತ್ತೇನೆ. ಲಿಥೊ ಮಾಡಿದವರನ್ನು ಕಲ್ಲು ಎಲ್ಲಿಯದು, ಎಷ್ಟು ಬಣ್ಣ, ಯಾರು ಪ್ರೆಸ್ ತಿರುಗಿಸಿದರು ಎಂದು ಕೇಳಿ. ನಾನು ಕಲಿಯುವಾಗ ಒಂದು ಕಲ್ಲನ್ನು ಮರಳು ಹಾಕಿ ಉಜ್ಜಿ ಸಮ ಮಾಡುವಷ್ಟರಲ್ಲಿ ರಟ್ಟೆ ಸೋತುಹೋಗುತ್ತಿತ್ತು. ಅದನ್ನು ಮಾಡಿದವರು ಕೇಳಿದವರಿಗೆ ಸಂತೋಷದಿಂದ ಹೇಳುತ್ತಾರೆ. ಬಿಲ್ಲಿನಲ್ಲಿ ಶೀರ್ಷಿಕೆ, ವರ್ಷ, ಮಾಧ್ಯಮ, ಸಂಖ್ಯೆ ಬರೆಸಿಕೊಳ್ಳಿ. ಇನ್ನು ‘ಕಲ್ಲಚ್ಚು ನಮ್ಮದಲ್ಲದ ಕಲೆ’ ಎಂದು ಯಾರಾದರೂ ಹೇಳಿದರೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದೇ ಕಲ್ಲಚ್ಚಿನಲ್ಲಿ ಎಂದು ತಿಳಿಸಿ.

ಪ್ರಶ್ನೆ: ಉಡುಗೊರೆಯಾಗಿ ಬಂದ ಲಿಥೊ ಒಂದಕ್ಕೆ ಫ್ರೇಮ್ ಹಾಕಿಸಬೇಕು. ಅಂಗಡಿಯವರಿಗೆ ಏನು ಹೇಳಲಿ? — ನಿವೃತ್ತ ಉಪನ್ಯಾಸಕ, ಪಾವಗಡ

ಉತ್ತರ: ಮೊದಲು ಹೇಳಬೇಕಾದದ್ದು: ಕತ್ತರಿ ಹಾಕಬೇಡಿ. ನಾನು ಮೊತ್ತಮೊದಲು ಕೊಂಡ ಲಿಥೊವನ್ನು ಒಂದು ಅಂಗಡಿಗೆ ಕೊಟ್ಟು ಊರಿಗೆ ಹೋಗಿದ್ದೆ. ಮರಳಿ ಬಂದಾಗ ಚಿತ್ರ ಸಿದ್ಧವಿದ್ದ ಚೌಕಟ್ಟಿಗೆ ಸರಿಯಾಗಿ ಕೂತಿತ್ತು. ಕೂರಿಸಲೆಂದು ಕೆಳಗಿನ ಎರಡು ಬೆರಳಗಲದ ಬಿಳಿ ಅಂಚನ್ನು ಕೊಯ್ದು ಎಸೆದಿದ್ದರು. ಸಂಖ್ಯೆ, ಶೀರ್ಷಿಕೆ, ಸಹಿ ಎಲ್ಲವೂ ಇದ್ದದ್ದು ಆ ಅಂಚಿನಲ್ಲಿ. ಕಸದ ಬುಟ್ಟಿಯನ್ನೆಲ್ಲ ತಡಕಿದೆ, ಸಿಗಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಆದ್ದರಿಂದ ಹಾಳೆ ಪೂರ್ತಿ ಉಳಿಯಬೇಕು, ಅದರ ಅಳತೆಗೆ ಚೌಕಟ್ಟು ಮಾಡಿಸಿ. ಹಿಂದೆ ಪ್ಲೈವುಡ್, ಸಾದಾ ರಟ್ಟು ಬೇಡ. ಅವುಗಳ ಆಮ್ಲ ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದಾಗಿಸುತ್ತದೆ. ಆಮ್ಲರಹಿತ ಹತ್ತಿಯ ರಟ್ಟು ಬೆಂಗಳೂರಿನಿಂದ ತರಿಸಿಕೊಟ್ಟರೂ ಸರಿ. ಫೆವಿಕಾಲ್, ಸೆಲ್ಲೋಟೇಪ್, ಮೈದಾ ಅಂಟು ಯಾವುದೂ ಹಾಳೆಗೆ ತಾಗಬಾರದು. ಮೇಲಿನ ಎರಡು ಮೂಲೆಗೆ ಮಾತ್ರ ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಡಬೇಕು, ಹಾಳೆ ಉಸಿರಾಡಲು ಜಾಗವಿರಬೇಕು. ಗಾಜು ಚಿತ್ರಕ್ಕೆ ಅಂಟದಂತೆ ನಡುವೆ ರಟ್ಟಿನ ಚೌಕ ಇರಲಿ.

ನಿಮ್ಮ ಪಾವಗಡದ ಬಿಸಿಲು ಹಾಳೆಗೆ ದೊಡ್ಡ ಶತ್ರು. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿದರೂ ಪಡುವಣದ ಕಿಟಕಿಯ ಎದುರು ತೂಗುಹಾಕಬೇಡಿ. ಹೊಸದಾಗಿ ಸುಣ್ಣ ಬಳಿದ ಗೋಡೆ ಪೂರ್ತಿ ಒಣಗುವವರೆಗೆ ಕಾಯಿರಿ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಗುಡಿಸುವಾಗ, ಚಿತ್ರವನ್ನು ಕೆಳಗಿಳಿಸಿ ಚೌಕಟ್ಟಿನ ಹಿಂಬದಿ ನೋಡಿ. ಗೆದ್ದಲಿನ ಮಣ್ಣೋ ಕಂದು ಚುಕ್ಕೆಯೋ ಕಂಡರೆ ಅಂಗಡಿಗೆ ಕೊಂಡೊಯ್ಯುವ ಮೊದಲು ಈ ಅಂಕಣಕ್ಕೆ ಒಂದು ಫೋಟೊ ಕಳಿಸಿ, ನಾನು ನೋಡುತ್ತೇನೆ.