ಹೊಸ ಹಿತ್ತಾಳೆ ಚಿಲಕಕ್ಕೆ ಹಳೆಯ ಮೈಬಣ್ಣ

ನೀವು ಕೇಳಿದಿರಿ: ಮನೆ-ಮರಗೆಲಸ ವಿಭಾಗ

ಪ್ರಶ್ನೆ: ಹಳೆಯ ಮನೆಯ ಹಲಸಿನ ಮರದ ಕದಗಳನ್ನು ಹೊಸ ಮನೆಗೆ ಕೂರಿಸಿದ್ದೇವೆ. ಅದಕ್ಕೆ ತಂದ ಹಿತ್ತಾಳೆ ಚಿಲಕ, ಹಿಡಿಕೆಗಳು ಫಳಫಳ ಹೊಳೆದು ಕಣ್ಣಿಗೆ ಹೊಡೆಯುತ್ತಿವೆ. ಮನೆಯಲ್ಲೇ ಅವಕ್ಕೆ ಹಳೆಯ ಬಣ್ಣ ಬರಿಸಬಹುದೆ? (ಶಿರಸಿ)

ಉತ್ತರ: ಬರಿಸಬಹುದು, ಅದು ನಿಜಕ್ಕೂ ಹಿತ್ತಾಳೆಯಾಗಿದ್ದರೆ. ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ. ಅಂಟಲಿಲ್ಲವೆಂದು ನಿರಾಳರಾಗಬೇಡಿ, ಸತುವಿನ ಎರಕಕ್ಕೆ ಗಿಲೀಟು ಕೊಟ್ಟ ಮಾಲೂ ಅಂಟುವುದಿಲ್ಲ. ಕದಕ್ಕೆ ಒತ್ತಿಕೊಂಡು ಕೂರುವ ಹಿಂಬದಿಯಲ್ಲಿ ಅರದಿಂದ ಒಂದು ಗೀರು ಎಳೆಯಿರಿ. ಗೀರಿನೊಳಗೂ ಹಳದಿ ಕಂಡರೆ ಮುಂದುವರಿಯಿರಿ. ಬೆಳ್ಳಗೆ ಕಂಡರೆ ಕೆಳಗಿನ ಯಾವ ಉಪಾಯವೂ ನಡೆಯದು.

ಅಂಗಡಿಯ ಹಿತ್ತಾಳೆ ಕಪ್ಪಾಗದಿರಲೆಂದು ಅದಕ್ಕೆ ಪಾರದರ್ಶಕ ಲ್ಯಾಕರ್ ಬಳಿದಿರುತ್ತಾರೆ. ಈ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಲ್ಯಾಕರ್ ಅಲ್ಲಲ್ಲಿ ಉಳಿದರೆ ಬಣ್ಣ ಚಿಬ್ಬು ಹಿಡಿದಂತೆ ತೇಪೆತೇಪೆಯಾಗಿ ಬರುತ್ತದೆ. ಚಿಲಕವನ್ನು ಬಿಚ್ಚಿ, ಕಬ್ಬಿಣದ ಸ್ಕ್ರೂ, ಸ್ಪ್ರಿಂಗ್‌ಗಳನ್ನು ತೆಗೆದಿಟ್ಟು, ಅಸಿಟೋನ್ ಅಥವಾ ಲ್ಯಾಕರ್ ಕರಗಿಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್‌ನಲ್ಲಿ ಅರ್ಧ ಗಂಟೆ ಮುಳುಗಿಸಿ. ಬೆಂಕಿ, ಒಲೆ ಹತ್ತಿರದಲ್ಲಿರಬಾರದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿ. ಇದಕ್ಕೂ ಜಗ್ಗದಿದ್ದರೆ ಬಣ್ಣದಂಗಡಿಯ ಪೇಂಟ್ ರಿಮೂವರ್ ಬೇಕಾಗುತ್ತದೆ. ಆಮೇಲೆ 400, ನಂತರ 600 ನಂಬರಿನ ವಾಟರ್ ಪೇಪರಿನಿಂದ ಕನ್ನಡಿ ಹೊಳಪನ್ನು ಮುರಿಯಿರಿ. ನುಣುಪು ಮೈಮೇಲೆ ಬಣ್ಣ ಸರಿಯಾಗಿ ಕಚ್ಚುವುದಿಲ್ಲ. ಕೊನೆಗೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಹಾಳೆಯಂತೆ ಹರಡಿ ನಿಲ್ಲಬೇಕು. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗಾದರೆ ಅಲ್ಲಿ ಲ್ಯಾಕರ್ ಅಥವಾ ಜಿಡ್ಡು ಉಳಿದಿದೆ, ಮತ್ತೆ ಥಿನ್ನರ್‌ಗೆ ಹಾಕಿ. ಇಲ್ಲಿಂದ ಮುಂದೆ ಕೈಗವಸು ಹಾಕದೆ ಮುಟ್ಟಬೇಡಿ. ಬೆರಳಚ್ಚು ಬಿದ್ದ ಜಾಗ ಬಣ್ಣದಲ್ಲೂ ಹಾಗೇ ಮೂಡುತ್ತದೆ.

ಬಣ್ಣ ಬರಿಸಲು ಅಮೋನಿಯಾ ಹಬೆ ಒಳ್ಳೆಯದು. ರಾಸಾಯನಿಕಗಳ ಅಂಗಡಿಯಲ್ಲಿ ಸಿಗುವ ದ್ರಾವಣ ಸಾಮಾನ್ಯವಾಗಿ ಶೇ. 25ರಷ್ಟು ಗಟ್ಟಿ ಇರುತ್ತದೆ. ಅದರ 40 ಮಿ.ಲೀ.ಗೆ 60 ಮಿ.ಲೀ. ನೀರು ಬೆರೆಸಿದರೆ ಶೇ. 10ರ ಆಸುಪಾಸಿಗೆ ಬರುತ್ತದೆ. 15 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ಅಷ್ಟು ಸಾಕು. ದ್ರಾವಣವನ್ನು ಗಾಜಿನ ಬಟ್ಟಲಲ್ಲಿ ಬಕೆಟ್ಟಿನ ತಳದಲ್ಲಿಟ್ಟು, ಹಿತ್ತಾಳೆಯನ್ನು ನೈಲಾನ್ ದಾರದಲ್ಲಿ ತೂಗುಬಿಟ್ಟು ಮುಚ್ಚಿ. ದ್ರಾವಣಕ್ಕೂ ಬಕೆಟ್ಟಿನ ಗೋಡೆಗೂ ಅದು ತಾಗಬಾರದು, ತಾಗಿದಲ್ಲಿ ನೀಲಿ ಕಲೆ ಬೀಳುತ್ತದೆ. ಗಂಟೆಗೊಮ್ಮೆ ನೋಡಿ. ಮೊದಲು ಮಾಸಲು ಹಳದಿ, ಆಮೇಲೆ ಬೆಲ್ಲದ ಬಣ್ಣ, ಕೊನೆಗೆ ಕಾಫಿಪುಡಿಯ ಕಂದು. ಸೆಖೆಯ ದಿನ ನಾಲ್ಕೈದು ಗಂಟೆಗೇ ಮುಗಿಯಬಹುದು, ಚಳಿಯಲ್ಲಿ ಇಡೀ ರಾತ್ರಿ ಬೇಕಾದೀತು. ತೆಗೆದು ಬರೀ ನೀರಿನಲ್ಲಿ ತೊಳೆದು ಒಣಗಿಸಿ ನೋಡಿ. ಸಾಲದೆನಿಸಿದರೆ ಮತ್ತೆ ತೂಗುಬಿಡಿ.

ಇದನ್ನು ತಾರಸಿಯ ಮೇಲೆ ಗಾಳಿಗೆ ಬೆನ್ನು ಹಾಕಿ ಮಾಡಿ, ಕಣ್ಣಿಗೆ ಕನ್ನಡಕ ಇರಲಿ. ಮುಚ್ಚಳ ತೆರೆಯುವಾಗ ಮುಖ ಬಗ್ಗಿಸಬೇಡಿ. ಬ್ಲೀಚಿಂಗ್ ಪುಡಿಯಾಗಲಿ, ನೆಲ ತೊಳೆಯುವ ಬ್ಲೀಚ್ ಆಗಲಿ ಇದರ ಹತ್ತಿರ ಸುಳಿಯಕೂಡದು, ಅಮೋನಿಯಾದ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ.

ಈಗ ಚಿಲಕ ಎಲ್ಲ ಕಡೆ ಒಂದೇ ಸಮ ಕಂದಾಗಿ ಬಣ್ಣ ಬಳಿದಂತೆ ಕಾಣುತ್ತದೆ. ಹಳೆಯ ಮನೆಯ ಚಿಲಕವನ್ನೊಮ್ಮೆ ನೆನಪಿಸಿಕೊಳ್ಳಿ. ಸಂದುಗಳಲ್ಲಿ, ಸ್ಕ್ರೂ ಸುತ್ತ ಕಪ್ಪು. ಕೈ ಹಿಡಿದು ಎಳೆಯುವಲ್ಲಿ, ಕೊಂಡಿಗೆ ತಾಗಿ ಸವೆದಲ್ಲಿ ಹೊಳಪು. 0000 ನಂಬರಿನ ಸ್ಟೀಲ್ ವುಲ್‌ನಿಂದ ಅಂಥ ಜಾಗಗಳನ್ನು ಮಾತ್ರ ಹಗುರವಾಗಿ ಉಜ್ಜಿ. ಹಿಡಿಕೆಯ ನಡು, ಅಂಚುಗಳು, ಹೂವಿನ ಕೆತ್ತನೆಯಿದ್ದರೆ ಎಸಳಿನ ಉಬ್ಬು. ಗುಳಿಗಳಿಗೆ ಕೈ ಹಾಕಬೇಡಿ. ಹಳೆಯದೆನಿಸುವುದು ಕಪ್ಪಿನಿಂದಲ್ಲ, ಈ ಸವಕಲಿನಿಂದ.

ಪ್ರಶ್ನೆ: ವಿನಿಗರ್ ಮತ್ತು ಉಪ್ಪಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬಿಜಾಗರಿಗಳು ಕಂದಾಗುವ ಬದಲು ತಾಮ್ರದಂತೆ ಕೆಂಪಾದವು. ಯಾಕೆ? (ಹುಬ್ಬಳ್ಳಿ)

ಉತ್ತರ: ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪು ಬೆರೆತ ಆಮ್ಲ ಮೇಲ್ಪದರದ ಸತುವನ್ನು ಮೊದಲು ಕರಗಿಸುತ್ತದೆ, ತಾಮ್ರ ಹಿಂದೆ ಉಳಿಯುತ್ತದೆ. ಹುಣಸೆಹಣ್ಣು ಮೆತ್ತಿ ತೊಳೆಯಲು ಮರೆತ ಚೆಂಬಿನ ಮೇಲೆ ಕಾಣುವ ಗುಲಾಬಿ ಛಾಯೆಯೂ ಅದೇ. ಕಬ್ಬಿಣದ ಸ್ಕ್ರೂಗಳನ್ನೂ ಅದೇ ಬಟ್ಟಲಿಗೆ ಹಾಕಿದ್ದರೆ ಇನ್ನೂ ಕೆಟ್ಟದ್ದು. ದ್ರಾವಣದಲ್ಲಿ ಕರಗಿದ್ದ ತಾಮ್ರ ಕಬ್ಬಿಣದ ದೆಸೆಯಿಂದ ಮರಳಿ ಹಿತ್ತಾಳೆಯ ಮೈಮೇಲೆ ಕೂರುತ್ತದೆ. 600 ನಂಬರಿನ ವಾಟರ್ ಪೇಪರಿನಿಂದ ಕೆಂಪನ್ನು ತಿಕ್ಕಿ ತೆಗೆದು ಹೊಸದಾಗಿ ಶುರುಮಾಡಿ. ವಿನಿಗರ್ ಒದಗುವುದು ಕಿಲುಬಿನ ಹಸಿರು ಬೇಕೆಂದಾಗ. 200 ಮಿ.ಲೀ.ಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಬಡಗಿಯ ಹತ್ತಿರ ಸಿಗುವ ಮರದ ಹೊಟ್ಟಿಗೆ ಬೆರೆಸಿ, ಅದು ಬರೀ ತೇವವಾಗಿರುವಾಗ ಹಿತ್ತಾಳೆಯನ್ನು ಅದರಲ್ಲಿ ಹೂತು ಡಬ್ಬಿ ಮುಚ್ಚಿ ದಿನಕ್ಕೊಮ್ಮೆ ನೋಡಿ. ಮುಳುಗಿಸಬೇಡಿ. ಆ ಹಸಿರು ವಿಷಕಾರಿ, ಪುಡಿಯಾಗಿ ಉದುರುತ್ತದೆ ಕೂಡ. ಮಕ್ಕಳ ಕೈಗೆ ಸಿಗುವ ಕದಕ್ಕೆ ಬೇಡ.

ಪ್ರಶ್ನೆ: ತೂಗುಮಂಚದ ಹಿತ್ತಾಳೆ ಸರಪಳಿಗೂ ಅಮೋನಿಯಾ ಹಬೆ ಕೊಡಬಹುದೆ? (ಮೈಸೂರು)

ಉತ್ತರ: ಕೂಡದು. ಬಗ್ಗಿಸಿ, ಎಳೆದು, ಒತ್ತಿ ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಅದಕ್ಕೆ ಅಮೋನಿಯಾ ಮತ್ತು ತೇವ ಸೇರಿದರೆ ಕಣ್ಣಿಗೆ ಕಾಣದ ಬಿರುಕು ಒಳಗೊಳಗೇ ಹರಿಯುತ್ತದೆ. ಇದು ಮೊದಲು ಸುದ್ದಿಯಾದದ್ದೇ ನಮ್ಮ ದೇಶದಲ್ಲಿ. ಮಳೆಗಾಲದಲ್ಲಿ ಬ್ರಿಟಿಷ್ ಸೇನೆ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾವೇ ಇದಕ್ಕೆ ಕಾರಣವೆಂದು 1921ರಲ್ಲಿ ವಿವರಿಸಲಾಯಿತು. ಎರಕ ಹೊಯ್ದ ದಪ್ಪ ಹಿಡಿಕೆಗೆ ಈ ಭಯ ಕಡಿಮೆ. ಮನುಷ್ಯರ ಭಾರ ಹೊರುವ ಸರಪಳಿ, ಕೊಕ್ಕೆಗಳಿಗೆ ಲ್ಯಾಕರ್ ತೆಗೆದು ಸುಮ್ಮನೆ ಬಿಡಿ. ಕೈಬೆವರು, ಗಾಳಿ ಕೆಲವು ತಿಂಗಳಲ್ಲಿ ಕೆಲಸ ಮುಗಿಸುತ್ತವೆ.

ಪ್ರಶ್ನೆ: ಬರಿಸಿದ ಬಣ್ಣ ಉಳಿಯಲು ಏನು ಮಾಡಬೇಕು? ಅಡಿಗೆಯ ಪಾತ್ರೆಗೂ ಹೀಗೆ ಮಾಡಬಹುದೆ? (ಉಡುಪಿ)

ಉತ್ತರ: ಪಾತ್ರೆಗೆ ಬೇಡ. ಅದಕ್ಕೆ ಬೇಕಿರುವುದು ಕಲಾಯಿ. ಚಿಲಕಕ್ಕಾದರೆ ಜೇನುಮೇಣ ಒಂದು ಪಾಲು, ಟರ್ಪೆಂಟೈನ್ ಮೂರು ಪಾಲು. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಮೇಣ ಕರಗಿಸಿ, ಒಲೆ ಆರಿಸಿದ ಮೇಲೆ ಟರ್ಪೆಂಟೈನ್ ಸೇರಿಸಿ. ಹಿತ್ತಾಳೆಯನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಹತ್ತಿ ಬಟ್ಟೆಯಿಂದ ಉಜ್ಜಿ. ಒಳನಾಡಿನಲ್ಲಿ ಆರು ತಿಂಗಳಿಗೊಮ್ಮೆ ಸಾಕು. ಉಡುಪಿಯ ಉಪ್ಪುಗಾಳಿಗೆ ಮೂರು ತಿಂಗಳಿಗೊಮ್ಮೆ ಹಚ್ಚಿ. ಹೊರಬಾಗಿಲಿಗೆ ಮೇಣದ ಬದಲು ಹೊಳಪಿಲ್ಲದ ಮ್ಯಾಟ್ ಲ್ಯಾಕರ್ ಒಂದು ತೆಳು ಪದರ ಸಿಂಪಡಿಸುವುದು ಮೇಲು. ಇನ್ನೊಂದು ಮಾತು, ಮನೆಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಡಿ. ಹಬ್ಬದ ಹಿಂದಿನ ದಿನ ಹುಣಸೆಹಣ್ಣೋ ಪೀತಾಂಬರಿಯೋ ಹಿಡಿದು ತಿಕ್ಕಿದರೆ ನಿಮ್ಮ ಕಂದು ಬಣ್ಣ ಎರಡೇ ನಿಮಿಷದಲ್ಲಿ ಹೊರಟುಹೋಗುತ್ತದೆ.